ಕಲೆ ಗಟ್ಟಿಯಾಗುವ ಮುನ್ನ: ಆಶಾ ಕಾರ್ಯಕರ್ತೆಯರಿಗೊಂದು ಬಹಿರಂಗ ಪತ್ರ

ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕಿನ ಆಶಾ ಸೋದರಿಯರಿಗೆ,



ಈ ಪತ್ರ ಸುಟ್ಟ ಗಾಯದ ಬಗ್ಗೆ. ವೈದ್ಯರಿಗೆ ಬರೆಯದೆ ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಬೆಂದ ಜಾಗದಲ್ಲಿ ಮುಂದೆ ಎಂಥ ಚರ್ಮ ಬರುತ್ತದೆ, ಕಲೆ ಉಬ್ಬಿ ನಿಲ್ಲುತ್ತದೋ ಮಾಸಿಹೋಗುತ್ತದೋ, ಬೆರಳು ಮಡಚಿ ಬಿಚ್ಚಲು ಬರುತ್ತದೋ ಇಲ್ಲವೋ ಎಂಬುದರಲ್ಲಿ ಬಹಳಷ್ಟು ರೋಗಿ ಆಸ್ಪತ್ರೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಇನ್ನೊಂದಿಷ್ಟು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ತೀರ್ಮಾನವಾಗುತ್ತದೆ. ಈ ಎರಡೂ ಹೊತ್ತಿನಲ್ಲಿ ಅಡುಗೆಮನೆಯ ತನಕ ಹೋಗಿ ಮಾತಾಡಬಲ್ಲವರು ನೀವು. ನಾನು ಕಲಬುರಗಿಯಲ್ಲಿ ಜೀವಶಾಸ್ತ್ರ ಕಲಿಸುವವಳು. ಚರ್ಮ ಹೇಗೆ ಮಾಯುತ್ತದೆ ಎಂಬ ವಿಷಯದಲ್ಲಿ ಜಗತ್ತು ಇಲ್ಲಿಯವರೆಗೆ ತಿಳಿದುಕೊಂಡಿರುವುದು ನಿಮ್ಮ ಕೈಗೆ ಸೇರಬೇಕು ಎಂಬುದೇ ಈ ಬರಹದ ಆಸೆ.

2022ರ ಜೂನ್ 3ರ ಬೆಳಿಗ್ಗೆ ಕಮಲಾಪುರದ ಹತ್ತಿರ ನಡೆದದ್ದು ನಿಮಗೆ ನೆನಪಿರುತ್ತದೆ. ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಗೂಡ್ಸ್ ವಾಹನಕ್ಕೆ ಡಿಕ್ಕಿಯಾಗಿ, ಸೇತುವೆಯಿಂದ ಕೆಳಗುರುಳಿ ಹೊತ್ತಿ ಉರಿಯಿತು. ಏಳು ಜನ ಬೆಂಕಿಯಲ್ಲೇ ಹೋದರು. ಗಾಯಗೊಂಡವರನ್ನು ಕಲಬುರಗಿಯ ಆಸ್ಪತ್ರೆಗಳಿಗೆ ತಂದರು. ಅಂಥ ದುರಂತ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಬಚ್ಚಲ ಹಂಡೆಯ ಕುದಿನೀರು ಮೈಮೇಲೆ ಚೆಲ್ಲಿಕೊಂಡ ಕೂಸು, ಒಲೆ ಹಚ್ಚುವಾಗ ಸೆರಗಿಗೆ ಬೆಂಕಿ ತಗುಲಿದ ಹೆಣ್ಣುಮಗಳು, ಕುದಿಯುವ ಬೇಳೆಯ ಪಾತ್ರೆ ಎಳೆದುಕೊಂಡ ಹುಡುಗ ಒಳಪುಟಕ್ಕೂ ಬರುವುದಿಲ್ಲ. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಇಲ್ಲವೇ ತೀವ್ರ ಸುಟ್ಟಗಾಯಕ್ಕೆ ಒಳಗಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಬದುಕಿ ಉಳಿದವರು ಮುಂದೆ ಯಾವ ಮೈಯಲ್ಲಿ ಬದುಕುತ್ತಾರೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಚರ್ಮದ ರಚನೆ ಗೊತ್ತಾದರೆ ಮುಂದಿನದೆಲ್ಲ ಸುಲಭ. ಕಣ್ಣಿಗೆ ಕಾಣುವ ತೆಳುವಾದ ಮೇಲ್ಪದರ ಎಪಿಡರ್ಮಿಸ್. ಅದರ ಕೆಳಗಿನ ದಪ್ಪ ಪದರ ಡರ್ಮಿಸ್. ಚರ್ಮಕ್ಕೆ ಬಲ ಕೊಡುವ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಇರುವುದು ಡರ್ಮಿಸ್‌ನಲ್ಲಿ. ಕೂದಲಿನ ಬುಡಗಳೂ ಬೆವರಿನ ಗ್ರಂಥಿಗಳೂ ಅದರೊಳಗೇ ಇಳಿದಿವೆ. ಆ ಬುಡಗಳ ಒಳಗೋಡೆಗೆ ಮೇಲ್ಪದರದ ಜೀವಕೋಶಗಳೇ ಹಾಸಿಕೊಂಡಿರುತ್ತವೆ. ಮೇಲ್ಪದರ ಪೂರ್ತಿ ಸುಟ್ಟುಹೋದರೂ ಬುಡಗಳು ಉಳಿದಿದ್ದರೆ, ಪ್ರತಿ ಬುಡದಿಂದಲೂ ಹೊಸ ಕೋಶಗಳು ಮೇಲೆದ್ದು ಸುತ್ತಲೂ ಹರಡಿ ಒಂದನ್ನೊಂದು ಕೂಡಿಕೊಳ್ಳುತ್ತವೆ. ಹೀಗೆ ಮಾಯ್ದ ಗಾಯದಲ್ಲಿ ಬಣ್ಣ ಕೆಲಕಾಲ ವ್ಯತ್ಯಾಸವಾದರೂ ಗಟ್ಟಿ ಕಲೆ ಅಪರೂಪ. ಕಲೆಯಿಲ್ಲದೆ ಮರಳಿ ಬೆಳೆಯುವ ಶಕ್ತಿ ಇಷ್ಟರಮಟ್ಟಿಗೆ ನಮ್ಮೆಲ್ಲರ ಮೈಯಲ್ಲೂ ಇದೆ.

ಸುಡುವಿಕೆ ಇನ್ನೂ ಆಳಕ್ಕಿಳಿದು ಬುಡಗಳನ್ನೂ ಕೊಂದರೆ ದಾರಿ ಬದಲಾಗುತ್ತದೆ. ಆಗ ಹೊಸ ಕೋಶಗಳು ಗಾಯದ ಅಂಚಿನಿಂದಷ್ಟೇ ತೆವಳಿ ಬರಬೇಕು. ಅಷ್ಟರಲ್ಲಿ ಸೋಂಕು ಒಳನುಗ್ಗದಂತೆ ದೇಹ ಆತುರದಿಂದ ಗಾಯ ತುಂಬುತ್ತದೆ. ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಬಂದು ಕೊಲ್ಯಾಜನ್ ಸುರಿಯುತ್ತವೆ. ಅವುಗಳಲ್ಲಿ ಕೆಲವು ಸ್ನಾಯುವಿನ ಗುಣ ಪಡೆದು ಗಾಯದ ಅಂಚುಗಳನ್ನು ಒಳಕ್ಕೆ ಎಳೆಯತೊಡಗುತ್ತವೆ. ಒಳ್ಳೆಯ ಚರ್ಮದಲ್ಲಿ ಕೊಲ್ಯಾಜನ್ ಎಳೆಗಳು ಬುಟ್ಟಿ ಹೆಣೆದಂತೆ ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಕಲೆಯಲ್ಲಿ ಅವು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಮಲಗಿರುತ್ತವೆ. ಪೂರ್ತಿ ಮಾಗಿದ ಕಲೆಗೂ ಮೊದಲಿನ ಚರ್ಮದ ಬಲದಲ್ಲಿ ಸುಮಾರು ಶೇ 80ರಷ್ಟು ಮಾತ್ರ ಇರುತ್ತದೆ. ಅದರಲ್ಲಿ ಕೂದಲಿಲ್ಲ, ಬೆವರಿನ ಗ್ರಂಥಿಯಿಲ್ಲ. ಮೈಯ ದೊಡ್ಡ ಭಾಗ ಕಲೆಯಾದವರು ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಸಾಕಷ್ಟು ಬೆವರಲಾರರು, ಮೈ ಬೇಗ ಕಾಯುತ್ತದೆ. ನಿಮ್ಮ ಊರಿನಲ್ಲಿ ಅಂಥವರು ಹೊಲದ ಕೆಲಸಕ್ಕೆ ಹೋಗುತ್ತಿದ್ದರೆ ಬೇಸಿಗೆಯಲ್ಲಿ ಅವರ ಕಡೆ ವಿಶೇಷ ಗಮನ ಬೇಕು.

ಈಗ ನಿಮ್ಮ ಕೆಲಸಕ್ಕೆ ನೇರವಾಗಿ ಸೇರುವ ಮಾತು. 1953ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೈದ್ಯ ಡಗ್ಲಸ್ ಜಾಕ್ಸನ್ ಸುಟ್ಟ ಗಾಯದಲ್ಲಿ ಮೂರು ವಲಯಗಳನ್ನು ಗುರುತಿಸಿದರು. ಕೇಂದ್ರದಲ್ಲಿರುವುದು ಸತ್ತುಹೋದ ಭಾಗ. ಹೊರಗಿನದು ಕೆಂಪಾಗಿ, ತಾನಾಗಿ ಸುಧಾರಿಸುವ ಭಾಗ. ಇವೆರಡರ ಮಧ್ಯದ ವಲಯ ಬದುಕೂ ಅಲ್ಲದ, ಸಾವೂ ಅಲ್ಲದ ಸ್ಥಿತಿಯಲ್ಲಿರುತ್ತದೆ. ಅಲ್ಲಿ ರಕ್ತದ ಓಟ ನಿಧಾನವಾಗಿದೆ, ಕೋಶಗಳು ಇನ್ನೂ ಸತ್ತಿಲ್ಲ. ಮುಂದಿನ ಒಂದೆರಡು ದಿನಗಳಲ್ಲಿ ಈ ವಲಯ ಉಳಿದರೆ ಗಾಯ ಮೇಲುಮೇಲಿನದಾಗಿಯೇ ನಿಲ್ಲುತ್ತದೆ, ಸತ್ತರೆ ಗಾಯ ಆಳವಾಗುತ್ತದೆ. ಮೊದಲ ದಿನ ಸಣ್ಣದಾಗಿ ಕಂಡದ್ದು ಮೂರನೆಯ ದಿನಕ್ಕೆ ದೊಡ್ಡದಾಗುವುದು ಇದರಿಂದಲೇ. ಮನೆಯವರು ಅದಕ್ಕೆ ದೃಷ್ಟಿಯನ್ನೋ ಹಣೆಬರಹವನ್ನೋ ಕಾರಣವೆಂದುಕೊಳ್ಳುತ್ತಾರೆ.

ಈ ನಡುವಿನ ವಲಯವನ್ನು ಉಳಿಸುವ ಮೊದಲ ಔಷಧ ನೀರು. ಸುಟ್ಟ ತಕ್ಷಣ 20 ನಿಮಿಷ, ತಣ್ಣಗಿನ ಹರಿಯುವ ನೀರು. ಬೆಂಕಿ ಆರಿದ ಮೇಲೂ ಚರ್ಮದೊಳಗೆ ಶಾಖ ಉಳಿದು ಕೆಳಕ್ಕಿಳಿಯುತ್ತಲೇ ಇರುತ್ತದೆ. ನೀರು ಅದನ್ನು ಹೊರಗೆಳೆಯುತ್ತದೆ, ಊತವನ್ನೂ ನೋವನ್ನೂ ಇಳಿಸುತ್ತದೆ. ಸುಟ್ಟು ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನವಿದೆ. ಐಸ್ ಇಡಬಾರದು, ಅದು ರಕ್ತನಾಳಗಳನ್ನು ಬಿಗಿದು ನಡುವಿನ ವಲಯವನ್ನು ಇನ್ನಷ್ಟು ಕೊಲ್ಲುತ್ತದೆ. ಟೂತ್‌ಪೇಸ್ಟ್, ಶಾಯಿ, ಸುಣ್ಣ, ಅರಿಸಿನ, ಎಣ್ಣೆ, ಸಗಣಿ ಯಾವುದೂ ಬೇಡ. ಕೆಲವು ಶಾಖವನ್ನು ಒಳಗೇ ಹಿಡಿದಿಡುತ್ತವೆ, ಕೆಲವು ಸೋಂಕು ತರುತ್ತವೆ, ಎಲ್ಲವೂ ಗಾಯದ ಆಳ ವೈದ್ಯರ ಕಣ್ಣಿಗೆ ಕಾಣದಂತೆ ಮುಚ್ಚುತ್ತವೆ.

ನಲ್ಲಿಯಲ್ಲಿ ದಿನವಿಡೀ ನೀರು ಬರುವ ಊರಿನ ಮಾತನ್ನು ನಿಮಗೆ ಹೇಳಿದರೆ ಅನ್ಯಾಯವಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ಕೊಡ ನೀರಿಗೆ ಎಷ್ಟು ನಡೆಯಬೇಕೆಂದು ನಿಮಗೆ ಗೊತ್ತು. ಅಲ್ಲಿ ಹರಿಯುವ ನೀರೆಂದರೆ ತಂಬಿಗೆಯಿಂದ ನಿಧಾನವಾಗಿ ಸುರಿದ ನೀರು. ಕೆಳಗೆ ಬಕೆಟ್ಟೋ ಪರಾತವೋ ಇಟ್ಟರೆ ಬಿದ್ದ ನೀರನ್ನು ತೊಳೆಯುವ ಕೆಲಸಕ್ಕೆ ಬಳಸಬಹುದು. ಒಂದೆರಡು ಕೊಡ ಸಾಕು. ನೀರಿನ ಬೆಲೆ ಬಲ್ಲ ಮನೆಯವರಿಗೆ ಆ ಎರಡು ಕೊಡ ಉಳಿಸಿಕೊಡುವುದು ಏನೆಂದು ಹೇಳಿದರೆ ಅವರು ಖಂಡಿತ ಒಪ್ಪುತ್ತಾರೆ. ದೊಡ್ಡ ಗಾಯವಾದ ಮಗುವಿಗೆ ನೀರು ಹಾಕುವಾಗ ಉಳಿದ ಮೈಯನ್ನು ಒಣ ಬಟ್ಟೆಯಿಂದ ಬೆಚ್ಚಗಿಡಿ. ನಂತರ ಒಗೆದು ಒಣಗಿಸಿದ ಹತ್ತಿ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ಕಳುಹಿಸಿ. ಬಳೆ, ಉಂಗುರ, ಕಾಲ್ಗೆಜ್ಜೆಯನ್ನು ಊತ ಬರುವ ಮೊದಲೇ ತೆಗೆಯಿಸಿ. ಗುಳ್ಳೆ ಒಡೆಯಬೇಡಿ.

ಯಾರನ್ನು ತಡಮಾಡದೆ ಕಳುಹಿಸಬೇಕು? ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟವರನ್ನು. ವಿದ್ಯುತ್ತಿನಿಂದ ಇಲ್ಲವೇ ಆ್ಯಸಿಡ್‌ನಿಂದ ಸುಟ್ಟವರನ್ನು. ತನ್ನ ಅಂಗೈಗಿಂತ ದೊಡ್ಡ ಗಾಯವಾದ ಯಾವ ಮಗುವನ್ನಾದರೂ. ನೋವೇ ಇಲ್ಲ ಎನ್ನುವವರ ಬಗ್ಗೆ ಹೆಚ್ಚು ಎಚ್ಚರವಿರಲಿ. ಬಿಳಿಚಿ ತೊಗಲಿನಂತೆ ಗಟ್ಟಿಯಾದ ಗಾಯ ನೋಯದಿರುವುದು ನರಗಳೂ ಸುಟ್ಟಿವೆ ಎಂಬುದರ ಗುರುತು, ಅದೇ ಎಲ್ಲಕ್ಕಿಂತ ಆಳದ್ದು. ಕಮಲಾಪುರದಿಂದ ಕಲಬುರಗಿ 40 ಕಿಲೋಮೀಟರ್ ಒಳಗೇ ಇದೆ. ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ, ಬಸವೇಶ್ವರ ಆಸ್ಪತ್ರೆ ಇದೆ, 108 ಆಂಬುಲೆನ್ಸ್ ಇದೆ. ಸುಟ್ಟಗಾಯದ ಚಿಕಿತ್ಸೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ಸೇರಿದೆ. ಖರ್ಚಿಗೆ ಹೆದರಿ ಮನೆಯಲ್ಲೇ ಉಳಿಯುವವರಿಗೆ ಈ ಮಾತು ನಿಮ್ಮ ಬಾಯಿಂದ ತಲುಪಬೇಕು.

ಇನ್ನೊಂದು ಗಡುವು ಮೂರು ವಾರದ್ದು. ಎರಡು ವಾರದೊಳಗೆ ಮುಚ್ಚಿದ ಗಾಯ ಸಾಮಾನ್ಯವಾಗಿ ಗಟ್ಟಿ ಕಲೆ ಬಿಡುವುದಿಲ್ಲ. ಮೂರು ವಾರ ದಾಟಿಯೂ ತೆರೆದಿದ್ದರೆ ಉಬ್ಬುಕಲೆ ಬರುವ ಸಂಭವ ಬಹಳ ಹೆಚ್ಚು. ಅದಕ್ಕೇ ಆಳವಾದ ಗಾಯ ತಾನಾಗಿ ಮುಚ್ಚಲಿ ಎಂದು ಕಾಯದೆ, ಸತ್ತ ಪದರವನ್ನು ಬೇಗ ತೆಗೆದು ಬೇರೆಡೆಯ ಚರ್ಮ ಕಸಿ ಮಾಡುತ್ತಾರೆ. ಈ ಪದ್ಧತಿಯನ್ನು ಜಗತ್ತಿಗೆ ಕಲಿಸಿದ್ದು ಯಾವ ಮಹಾನಗರದ ದೊಡ್ಡ ಸಂಸ್ಥೆಯೂ ಅಲ್ಲ. ಆಗಿನ ಯುಗೊಸ್ಲಾವಿಯಾದ, ಈಗ ಸ್ಲೊವೇನಿಯಾದಲ್ಲಿರುವ ಮಾರಿಬೋರ್ ಎಂಬ ಊರಿನ ಶಸ್ತ್ರವೈದ್ಯೆ ಜೋರಾ ಯಾನ್‌ಜೆಕೊವಿಚ್ 1960ರ ದಶಕದಲ್ಲಿ ಇದನ್ನು ರೂಢಿಸಿದರು. ಸತ್ತ ಚರ್ಮವನ್ನು ಮೊದಲ ದಿನಗಳಲ್ಲೇ ತೆಳುತೆಳುವಾಗಿ ಹೆರೆದು, ಜೀವವಿರುವ ಪದರ ಸಿಕ್ಕೊಡನೆ ಕಸಿ ಹಚ್ಚಿದರು. 1970ರಲ್ಲಿ ಅವರ ಬರಹ ಪ್ರಕಟವಾದ ಮೇಲೆ ಲೋಕದ ವೈದ್ಯರು ಕಲಿಯಲು ಆ ಊರಿಗೆ ಹೋದರು. ನಿಮ್ಮ ಊರಿನ ಗಾಯಾಳು ಹತ್ತನೆಯ ದಿನಕ್ಕೂ ಗಾಯ ಮುಚ್ಚದೆ ಮನೆಯಲ್ಲಿ ಮಲಗಿದ್ದರೆ, ದಯವಿಟ್ಟು ಇಪ್ಪತ್ತನೆಯ ದಿನದವರೆಗೆ ಬಿಡಬೇಡಿ. ಮರಳಿ ಕಳುಹಿಸಿ.

ಕಲೆಯೇ ಬೀಳದಂತೆ ಮಾಡಲಾಗದೇ ಎಂದು ನೀವು ಕೇಳಬಹುದು. ವಿಜ್ಞಾನಿಗಳೂ ಇದನ್ನೇ ಕೇಳುತ್ತಿದ್ದಾರೆ. ಗರ್ಭದಲ್ಲಿರುವ ಶಿಶುವಿಗೆ ಸುಮಾರು 24 ವಾರದೊಳಗೆ ಗಾಯವಾದರೆ ಚರ್ಮ ಕಲೆಯಿಲ್ಲದೆ ಮಾಯುತ್ತದೆ, ಆಮೇಲೆ ಆ ಶಕ್ತಿ ಹೋಗುತ್ತದೆ. ಆ ಎಳೆ ವಯಸ್ಸಿನಲ್ಲಿ ಉರಿಯೂತ ಬಹಳ ಕಡಿಮೆ, ಕೊಲ್ಯಾಜನ್ ಕೂಡಿಕೊಳ್ಳುವ ಬಗೆಯೂ ಬೇರೆ. ದೊಡ್ಡವಾದ ಮೇಲೂ ಈ ಶಕ್ತಿ ಉಳಿಸಿಕೊಂಡ ಪ್ರಾಣಿಗಳಿವೆ. ಆಫ್ರಿಕಾದ ಮುಳ್ಳುಮೈಯ ಇಲಿ ಹಿಡಿದವರ ಕೈಗೆ ಚರ್ಮವನ್ನೇ ಬಿಟ್ಟು ಓಡುತ್ತದೆ. ಬೆನ್ನಿನ ಚರ್ಮದಲ್ಲಿ ಶೇ 60ರವರೆಗೆ ಕಳೆದುಕೊಂಡರೂ ಕೂದಲು, ಗ್ರಂಥಿಗಳ ಸಮೇತ ಮರಳಿ ಬೆಳೆಸುತ್ತದೆ ಎಂದು 2012ರಲ್ಲಿ ಆ್ಯಶ್ಲಿ ಸೀಫರ್ಟ್ ಮತ್ತು ಸಂಗಡಿಗರು ತೋರಿಸಿದರು.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೈಕೆಲ್ ಲಾಂಗೇಕರ್ ಅವರ ತಂಡ 2021ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗಾಯದ ಸುತ್ತಲಿನ ಚರ್ಮ ಬಿಗಿದು ಎಳೆಯುವಾಗ ಆ ಎಳೆತವನ್ನು ಫೈಬ್ರೊಬ್ಲಾಸ್ಟ್‌ಗಳು ಗ್ರಹಿಸುತ್ತವೆ. ಅವುಗಳೊಳಗೆ ಯಾಪ್ ಎಂಬ ಪ್ರೋಟೀನು ಚುರುಕಾಗುತ್ತದೆ, ಎನ್‌ಗ್ರೇಲ್ಡ್-1 ಎಂಬ ಜೀನು ಎದ್ದು ಕೋಶಗಳು ಕಲೆ ಕಟ್ಟತೊಡಗುತ್ತವೆ. ಕಣ್ಣಿನ ಕಾಯಿಲೆಗೆ ಮೊದಲೇ ಬಳಕೆಯಲ್ಲಿದ್ದ ವರ್ಟಿಪೋರ್ಫಿನ್ ಎಂಬ ಔಷಧದಿಂದ ಈ ಸಂಕೇತವನ್ನು ತಡೆದಾಗ, ಪ್ರಯೋಗಾಲಯದ ಇಲಿಗಳ ಗಾಯಗಳಲ್ಲಿ ಕಲೆಯ ಬದಲು ಕೂದಲಿರುವ ಮಾಮೂಲು ಚರ್ಮ ಬೆಳೆಯಿತು. ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲೂ ಕಾಲಿನ್ ಜಮೋರಾ ಅವರ ತಂಡ ಗಾಯ ಮಾಯುವಾಗ ಚರ್ಮದ ಕೋಶಗಳು ಪರಸ್ಪರ ಕಳಿಸುವ ಸಂಕೇತಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿತ್ತು.

ಇವೆಲ್ಲ ಭರವಸೆಯ ಮಾತುಗಳು. ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ದೂರ. ಟಿಜಿಎಫ್ ಬೀಟಾ-3 ಎಂಬ ಪ್ರೋಟೀನಿನಿಂದ ಮಾಡಿದ, ಬಹಳ ಹೆಸರು ಮಾಡಿದ್ದ ಒಂದು ಔಷಧ 2011ರಲ್ಲಿ ಮನುಷ್ಯರ ಮೇಲಿನ ಕೊನೆಯ ಹಂತದ ಪರೀಕ್ಷೆಯಲ್ಲಿ ಸೋತಿತು. ಆದ್ದರಿಂದ ಕಲೆ ಪೂರ್ತಿ ಮಾಯ ಮಾಡುತ್ತೇವೆ ಎಂದು ಸಂತೆಯಲ್ಲೋ ಮೊಬೈಲ್‌ನಲ್ಲೋ ಮಾರುವ ಕ್ರೀಮುಗಳಿಗೆ ನಿಮ್ಮ ಊರಿನ ಹೆಣ್ಣುಮಕ್ಕಳು ದುಡ್ಡು ಸುರಿಯದಂತೆ ನೋಡಿಕೊಳ್ಳಿ. ಅಂಥ ಔಷಧ ಇನ್ನೂ ಹುಟ್ಟಿಲ್ಲ.

ಆದರೂ ಆ ಸಂಶೋಧನೆಯಲ್ಲಿ ನಮಗೆ ಇವತ್ತೇ ಬಳಕೆಗೆ ಬರುವ ಸತ್ಯವೊಂದಿದೆ. ಎಳೆತವೇ ಕಲೆಯನ್ನು ಬೆಳೆಸುತ್ತದೆ. ಗಾಯ ಮುಚ್ಚಿದ ಮೇಲೂ ಒಳಗಿನ ಕೊಲ್ಯಾಜನ್ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದಲಾಗುತ್ತಲೇ ಇರುತ್ತದೆ. ಆ ಅವಧಿಯಲ್ಲಿ ಕಲೆ ಕುಗ್ಗಿ ಕೀಲನ್ನು ಎಳೆಯುತ್ತದೆ. ಕತ್ತು ಸುಟ್ಟವರು ತಲೆ ಬಗ್ಗಿಸಿ ಮಲಗಿದರೆ, ಮೊಣಕೈ ಸುಟ್ಟವರು ಕೈ ಮಡಚಿಕೊಂಡೇ ಇದ್ದರೆ ನೋವು ಕಡಿಮೆ ಅನ್ನಿಸುತ್ತದೆ. ಆ ಸುಖದ ಭಂಗಿಯಲ್ಲೇ ಕೀಲು ಬಿಗಿದುಹೋಗುತ್ತದೆ. ಕತ್ತು ಸುಟ್ಟವರಿಗೆ ತಲೆಯಡಿ ದಿಂಬು ಬೇಡ. ಮೊಣಕೈ ನೀಡಿರಲಿ, ಕಂಕುಳು ತೆರೆದಿರಲಿ, ಬೆರಳುಗಳ ನಡುವೆ ಬಟ್ಟೆ ಇರಲಿ. ಫಿಸಿಯೋಥೆರಪಿಯವರು ಕೊಟ್ಟ ಸ್ಪ್ಲಿಂಟನ್ನು ಮೊಳೆಗೆ ನೇತುಹಾಕದೆ ಕಟ್ಟಿಕೊಳ್ಳಲಿ. ಒತ್ತಡದ ಉಡುಪು, ಸಿಲಿಕೋನ್ ಹಾಳೆ ಬರೆದುಕೊಟ್ಟಿದ್ದರೆ ತಿಂಗಳುಗಟ್ಟಲೆ ಬಿಡದೆ ಬಳಸಬೇಕು. ಹೊಸ ಚರ್ಮವನ್ನು ಬಿಸಿಲಿನಿಂದ ಮುಚ್ಚಬೇಕು, ಇಲ್ಲದಿದ್ದರೆ ಕಪ್ಪು ಉಳಿಯುತ್ತದೆ. ಬಾಣಂತಿಯ ಮನೆಗೆ 42 ದಿನ ಎಡತಾಕುವ ನೀವು ಈ ಮನೆಗೂ ಆಗಾಗ ಇಣುಕಿದರೆ ಒಂದು ಕೈ ಉಳಿದೀತು.

ಊಟದ ಪಥ್ಯದ ಬಗ್ಗೆಯೂ ಹೇಳಲೇಬೇಕು. ಬೇಳೆ ತಿಂದರೆ, ಹುಳಿ ತಿಂದರೆ, ತತ್ತಿ ತಿಂದರೆ ಗಾಯ ಕೀವಾಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಗಾಯಾಳುವಿಗೆ ಗಂಜಿ ಮಾತ್ರ ಕೊಡುತ್ತಾರೆ. ಕೀವು ಬರುವುದು ಸೋಂಕಿನಿಂದ. ಕೊಲ್ಯಾಜನ್ ಪ್ರೋಟೀನು, ಅದನ್ನು ಕಟ್ಟಲು ದೇಹಕ್ಕೆ ಪ್ರೋಟೀನೇ ಬೇಕು. ಅದರ ಎಳೆಗಳು ಗಟ್ಟಿಯಾಗಲು ಸಿ ಜೀವಸತ್ವ ಬೇಕೇಬೇಕು. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿ ಗಾಯಾಳು ಬೇಳೆಯಿಲ್ಲದೆ ಮಲಗಬಾರದು. ತೊಗರಿಬೇಳೆ, ತತ್ತಿ, ಹಾಲು, ನಿಂಬೆ, ಪೇರಲ, ನೆಲ್ಲಿಕಾಯಿ ಧಾರಾಳವಾಗಿ ಕೊಡಿಸಿ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡಿಸಿ. ತಂಬಾಕು ಬಿಡಿಸಿ, ಅದು ಸಣ್ಣ ರಕ್ತನಾಳಗಳನ್ನು ಬಿಗಿದು ಗಾಯಕ್ಕೆ ಆಮ್ಲಜನಕ ತಲುಪದಂತೆ ಮಾಡುತ್ತದೆ.

ಕಮಲಾಪುರದ ಸೋದರಿಯರಿಗೆ ಹೆಮ್ಮೆಯಾಗುವ ಸಂಗತಿಯೊಂದಿದೆ. ನಿಮ್ಮ ಊರು ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಯ ಊರು. ಮುಂಬೈಯ ಸಯನ್ ಆಸ್ಪತ್ರೆಯ ಶಸ್ತ್ರವೈದ್ಯೆ ಮಾಧುರಿ ಗೋರೆ ಬಾಳೆಎಲೆಯನ್ನೇ ಸುಟ್ಟಗಾಯದ ಪಟ್ಟಿಯಾಗಿ ಬಳಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲೆಯ ಮೇಣದ ಮೈ ಗಾಯಕ್ಕೆ ಅಂಟುವುದಿಲ್ಲ, ತೆಗೆಯುವಾಗ ರೋಗಿ ಚೀರುವುದಿಲ್ಲ, ಬೆಲೆಯೂ ಅತಿ ಕಡಿಮೆ. ಅದಕ್ಕೂ ಮುಂಚೆ ಮುಂಬೈಯಲ್ಲೇ ಎಂ. ಎಚ್. ಕೇಸ್ವಾನಿ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಪಟ್ಟಿಯನ್ನು ಬಳಕೆಗೆ ತಂದಿದ್ದರು. ತೇವವಾಗಿ ಮುಚ್ಚಿದ ಗಾಯ ಒಣಗಿ ಹಕ್ಕಳೆ ಕಟ್ಟಿದ ಗಾಯಕ್ಕಿಂತ ಬೇಗ ಮಾಯುತ್ತದೆ ಎಂದು 1962ರಲ್ಲೇ ಜಾರ್ಜ್ ವಿಂಟರ್ ತೋರಿಸಿದ ತತ್ವವೇ ಇವುಗಳ ಹಿಂದಿದೆ. ಆದರೆ ತೋಟದಿಂದ ಕಿತ್ತ ಎಲೆಯನ್ನು ಮನೆಯಲ್ಲೇ ಸುತ್ತಬಾರದು. ಆಸ್ಪತ್ರೆಯಲ್ಲಿ ಉಗಿಯಿಂದ ಕ್ರಿಮಿರಹಿತ ಮಾಡಿದ ಎಲೆ ಮಾತ್ರ ಸುರಕ್ಷಿತ. ಬಾಳೆ ಇಷ್ಟು ಹತ್ತಿರ ಬೆಳೆಯುವ ನಾಡಿನಲ್ಲಿ ಈ ಅಗ್ಗದ ಪಟ್ಟಿಯನ್ನು ಪರಿಶೀಲಿಸಿ ಎಂದು ವೈದ್ಯಾಧಿಕಾರಿಗಳನ್ನು ಕೇಳುವ ಹಕ್ಕು ನಿಮಗಿದೆ.

ಮೈಯ ಬಹುಭಾಗ ಸುಟ್ಟವರಿಗೆ ಕಸಿಗೆ ಬೇಕಾದಷ್ಟು ಸ್ವಂತ ಚರ್ಮವೇ ಉಳಿದಿರುವುದಿಲ್ಲ. ಅಂಥವರನ್ನು ಆ ಕೆಲವು ವಾರ ಕಾಪಾಡುವುದು ತೀರಿಕೊಂಡವರು ದಾನ ಮಾಡಿದ ಚರ್ಮ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮ ಬ್ಯಾಂಕ್ ಇದೆ. ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಮೇಲ್ಪದರವನ್ನಷ್ಟೇ ತೆಗೆಯುತ್ತಾರೆ, ದೇಹ ವಿರೂಪವಾಗುವುದಿಲ್ಲ, ರಕ್ತದ ಗುಂಪು ಹೊಂದಬೇಕಿಲ್ಲ. ಆದರೆ ಸಾವಿನ ನಂತರ ಆರು ಗಂಟೆಯೊಳಗೆ ತೆಗೆಯಬೇಕು. ಬೆಂಗಳೂರು ನಮಗೆ ಒಂದು ರಾತ್ರಿಯ ಪ್ರಯಾಣ. ಚರ್ಮ ಪಡೆಯುವ ತಂಡ ಕಲಬುರಗಿಯ ಕೈಯಳತೆಯಲ್ಲಿ ಇರಲೇಬೇಕು ಎಂಬ ದನಿಗೆ ನಿಮ್ಮ ದನಿಯೂ ಸೇರಲಿ.

ನಿಮ್ಮ ಹೆಗಲ ಮೇಲೆ ಈಗಲೇ ಎಷ್ಟು ಭಾರವಿದೆ ಎಂಬುದು ನನಗೆ ಗೊತ್ತು. 2025ರ ಜನವರಿಯ ಚಳಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ಹಗಲು ರಾತ್ರಿ ಕುಳಿತದ್ದನ್ನು ನಾಡು ನೋಡಿದೆ. ಆ ಬೇಡಿಕೆ ನ್ಯಾಯವಾದದ್ದು. ಹೊಸ ಕೆಲಸ ಹೇಳುವ ಸರ್ಕಾರ ಅದಕ್ಕೆ ತಕ್ಕ ಹಣವನ್ನೂ ತರಬೇತಿಯನ್ನೂ ಕೊಡಬೇಕು. ಹಾಗಾಗಿ ನಾನು ಕೇಳುವುದು ಮೂರೇ. ಮಗುವಿರುವ ಪ್ರತಿ ಮನೆಯಲ್ಲೂ 20 ನಿಮಿಷದ ನೀರಿನ ಮಾತು ಹೇಳಿ. ಹತ್ತು ದಿನಕ್ಕೂ ಮುಚ್ಚದ ಗಾಯ ಕಂಡರೆ ಆಸ್ಪತ್ರೆಗೆ ಮರಳಿಸಿ. ಗಾಯ ಮುಚ್ಚಿದವರ ಕೀಲುಗಳನ್ನು ಒಂದು ವರ್ಷ ಗಮನಿಸಿ. ಇವುಗಳಿಗೆ ಬೇಕಾದ ತರಬೇತಿಗಾಗಿ ನಿಮ್ಮ ಮುಂದಿನ ತಿಂಗಳ ಸಭೆಯಲ್ಲಿ ಸುಟ್ಟಗಾಯಕ್ಕೆ ಅರ್ಧ ಗಂಟೆ ಕೊಡಿ ಎಂದು ವೈದ್ಯಾಧಿಕಾರಿಗಳನ್ನು ಒತ್ತಾಯಿಸಿ. ಕರೆದರೆ ಚಿತ್ರ, ಮಾದರಿಗಳ ಸಮೇತ ಬಂದು ಪಾಠ ಹೇಳಲು ನಾನೂ ನನ್ನ ವಿದ್ಯಾರ್ಥಿಗಳೂ ಸಿದ್ಧ. ಕಲೆಯಿಲ್ಲದ ಚರ್ಮವನ್ನು ಪ್ರಯೋಗಾಲಯಗಳು ಎಂದು ಕೊಡುತ್ತವೋ ಆ ದಿನ ಬರಲಿ. ಅಲ್ಲಿಯವರೆಗೆ ತಡೆಯಬಹುದಾದ ಕಲೆಗಳನ್ನು ತಡೆಯುವುದು ನಮ್ಮ ಕೈಲಿದೆ, ಅವು ಬಹಳ ಇವೆ.

ಇಂತಿ ನಿಮ್ಮ,
ಕಲಬುರಗಿಯ ಒಬ್ಬ ಜೀವಶಾಸ್ತ್ರ ಶಿಕ್ಷಕಿ